ಅಳಿಸೋ ಅಕ್ಕ

ಮನೆಮನೆ ಸುತ್ತಿ ಸೊರಗಿದ ಮಕ್ಕಳನ್ನು ಹುಡುಕಿ ಉಳಿಸುವುದೇ ಅವಳ ಕೆಲಸ. ಆದರೂ ನಮ್ಮೂರಿನವರ ಬಾಯಲ್ಲಿ ಅವಳು ಅಳಿಸೋ ಅಕ್ಕ.

ಅವತ್ತು ನಮ್ಮನೆಗೆ ಬಂದಾಗ ನಮ್ಮತ್ತೆ ಹೆಮ್ಮೆಯಿಂದ ನನ್ನ ಮಗಳನ್ನು ತೋರಿಸಿದರು. "ಮೊಮ್ಮಗಳು ಬಂಗಾರ ಕಣಮ್ಮ. ಹಟ ಇಲ್ಲ, ಅಳು ಇಲ್ಲ, ಮಲಗಿಸಿದ ಕಡೆ ಮಲಗಿರ್ತಾಳೆ."

ಅಕ್ಕನ ಮುಖ ಕಪ್ಪಿಟ್ಟಿತು. "ಕೊನೇ ಸಲ ಯಾವಾಗ ಅತ್ತಿದ್ಲು?" ಎಂದು ನನ್ನನ್ನು ಕೇಳಿದಳು. ಎಷ್ಟು ಯೋಚಿಸಿದರೂ ನನಗೆ ನೆನಪಾಗಲಿಲ್ಲ.

ಮಗುವಿನ ತೋಳಿಗೆ ಅಳತೆಪಟ್ಟಿ ಸುತ್ತಿದಳು. ಗುರುತು ಕೆಂಪಿಗೆ ಬಂತು. "ತೀರಾ ಸೊರಗಿದ್ದಾಳೆ, ಅಳೋಕೂ ತ್ರಾಣ ಇಲ್ಲ," ಎಂದಳು. ಚೀಲದಿಂದ ಪೌಷ್ಟಿಕ ಪೇಸ್ಟಿನ ಪೊಟ್ಟಣ ತೆಗೆದು ತುಟಿಗೆ ಸವರಿದಳು. "ತಿಂದ್ರೆ ಮನೇಲೇ ನೋಡ್ಕೋಬಹುದು. ಇಲ್ಲಾಂದ್ರೆ ಈಗಲೇ ಆಸ್ಪತ್ರೆಗೆ ಹೊರಡಿ."

ಆಸ್ಪತ್ರೆ ಎರಡು ಗುಡ್ಡದಾಚೆ. ಮಗು ಮಿಸುಕಲಿಲ್ಲ. ಅತ್ತೆ ಬೆರಳಿನಿಂದ ತುರುಕಲು ಹೋದರು.

"ಕೈ ತೆಗೀರಿ! ಅವಳಾಗೇ ತಿನ್ನಬೇಕು," ಎಂದು ಅಕ್ಕ ಗದರಿದಳು. ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡರು.

ಕೊನೆಗೆ ಪುಟ್ಟ ನಾಲಿಗೆ ಹೊರಬಂತು. ಒಮ್ಮೆ ನೆಕ್ಕಿದಳು, ಮತ್ತೊಮ್ಮೆ ನೆಕ್ಕಿದಳು. ಆ ಮಹಾತಾಯಿ ಸರಿಯಾಗಿ ಆಗಲೇ ಪೊಟ್ಟಣ ಹಿಂದಕ್ಕೆಳೆದುಕೊಳ್ಳಬೇಕೆ! ನನಗೆ ಮೈಯೆಲ್ಲ ಉರಿದುಹೋಯಿತು.

ಮಗಳು ಮುಖ ಕಿವುಚಿದಳು. ಮರುಗಳಿಗೆ ಕೀರಲು ದನಿಯಲ್ಲಿ ಅತ್ತೇಬಿಟ್ಟಳು. ಎತ್ತಿಕೊಳ್ಳಲು ನಾನು ಬಾಗಿದೆ.

ಅಕ್ಕ ನನ್ನ ಕೈ ಹಿಡಿದಳು.

"ಕೊಡ್ತೀನಿ, ತಡಿಯಮ್ಮ. ಒಂಚೂರು ಕೇಳೋಣ."