ಗುಟ್ಟಣ್ಣನ ಹನ್ನೊಂದು ಚೀಟಿ

ಮೊಬೈಲ್ ರಿಪೇರಿ ಅಂಗಡಿಯವನಿಗೆ ಬೀದಿಯವರು ಗುಟ್ಟಣ್ಣ ಎಂದು ಹೆಸರಿಟ್ಟದ್ದು ಪ್ರೀತಿಯಿಂದಲ್ಲ, ಸಾಕಾಗಿ ಹೋಗಿ. ಒಡೆದ ಗಾಜು ಬದಲಿಸಲು ಬಂದವರಿಗೆ ಗಾಜಿನ ಜೊತೆ ಗುಟ್ಟು ಕಾಯ್ದುಕೊಳ್ಳುವ ಬಗ್ಗೆ ಒಂದು ಭಾಷಣವೂ ಬಿಟ್ಟಿ ಸಿಗುತ್ತಿತ್ತು.

“ಟಾರ್ಚ್ ಹಚ್ಚೋ ಆ್ಯಪಿಗೆ ನಿಮ್ಮತ್ತೆ ನಂಬರ್ ಯಾಕ್ರೀ ಬೇಕು? ಅದು ಕೇಳ್ತು, ನೀವು ಕೊಟ್ರಿ!”

“ನಮ್ಮತ್ರ ಏನಿದೆ ಅಂತ ಕದೀತಾರೆ, ಬಿಡಿ,” ಎಂದು ಗಿರಾಕಿ ನಗುವನು. ಆ ಮಾತು ಕೇಳಿದರೆ ಸಾಕು, ಗುಟ್ಟಣ್ಣನಿಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಹಾಗೆಂದು ಅವನು ಹೊಸದನ್ನು ಕಂಡರಾಗದವನಲ್ಲ. ಹೊಸ ಮಾದರಿಯ ಫೋನು ಬಂತೆಂದರೆ ಅದರ ಹೊಟ್ಟೆ ಬಿಚ್ಚಿ ನೋಡುವ ತನಕ ಅವನಿಗೆ ಊಟ ಸೇರದು. ಯಂತ್ರದ ಮೇಲೆ ಅವನಿಗೆ ಮುನಿಸಿಲ್ಲ. ತಿಂದದ್ದು, ಕೆಮ್ಮಿದ್ದು ಎಲ್ಲವನ್ನೂ ಊರಿಗೆ ತೋರಿಸುವ ಜನ ಮತ್ತು ಅದನ್ನು ಕಾದು ಕೂತಿರುವ ಕಂಪನಿಗಳನ್ನು ನೆನೆದರೆ ಮಾತ್ರ ಮೈಯೆಲ್ಲ ಉರಿ.

ಅಂಗಡಿಯ ಕೌಂಟರು ಹೆಂಡತಿಯದು. ಫೋನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಚೀಟಿಯಲ್ಲಿ ಹೆಸರು, ನಂಬರು, ಲಾಕ್ ತೆಗೆಯುವ ನಾಲ್ಕಂಕಿ ದಪ್ಪಗೆ ಬರೆದು ಅಂಟಿಸಿ, ಹಿಂದಿನ ಗೋಡೆಯ ತಂತಿಗೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸುವುದು ಅವಳ ಪದ್ಧತಿ.

“ಆ ನಾಲ್ಕಂಕಿ ಬರೀಬೇಡ್ವೇ.”

“ಲಾಕ್ ತೆಗೀದೆ ಟಚ್ ಹೇಗೆ ನೋಡ್ತೀರಿ? ಗಿರಾಕೀನ ಇಲ್ಲೇ ಕೂರಿಸ್ಕೊಳ್ಲಾ? ನಿಮ್ಮ ಭಾಷಣ ಕೇಳಿ ಇರೋರೂ ಎದ್ದು ಓಡ್ತಾರೆ.”

ಈ ಜಗಳಕ್ಕೆ ಆರು ವರ್ಷ. ಕೊನೆಗೆ ರಾಜಿಯಾದದ್ದು ಹೀಗೆ: ತಂತಿಯ ಮುಂದೆ ಒಂದು ಪರದೆ.

ಕೆಲಸ ಕೆಡಿಸಿದವಳು ನಾದಿನಿ. “ಭಾವ, ಇದನ್ನೆಲ್ಲ ನಮ್ಮ ಕಿವಿಗೆ ಯಾಕೆ ಸುರೀತೀರಾ? ವಿಡಿಯೋ ಮಾಡಿ ಹಾಕಿ, ಬೇಕಾದೋರು ಕೇಳ್ಕೊಳ್ತಾರೆ.”

ಸಾಮಾಜಿಕ ಜಾಲತಾಣವೆಂದರೆ ಮೂಗು ಮುರಿಯುವವನು, ಜನೋಪಕಾರವೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಒಪ್ಪಿದ. ಹೊಸ ಅಂಗಿ ತೊಟ್ಟ. ಬರೀ ಪರದೆ ಕಂಡರೆ ಕೆಲಸವಿಲ್ಲದ ಅಂಗಡಿ ಎಂದುಕೊಂಡಾರೆಂದು ಪರದೆ ಸರಿಸಿದ. “ಫೋನಿಗೂ ಬ್ಯಾಂಕಿಗೂ ಒಂದೇ ನಾಲ್ಕಂಕಿ ಇಡೋರು ನೀವೇ ತಾನೆ? ಒಮ್ಮೆ ಹೊರಗೆ ಬಿದ್ದ ಗುಟ್ಟು ಅಳಿಸಿದ್ರೂ ಅಳಿಯಲ್ಲ, ತಿಳ್ಕೊಳ್ಳಿ!” ಎಂದು ಕ್ಯಾಮೆರಾದತ್ತ ಬೆರಳು ತೋರಿಸಿದ.

ಬೆಳಿಗ್ಗೆ ಹಾಕಿದ ವಿಡಿಯೋವನ್ನು ಮಧ್ಯಾಹ್ನಕ್ಕೆ ನಾಲ್ಕು ಸಾವಿರ ಜನ ನೋಡಿದ್ದರು. ಗುಟ್ಟಣ್ಣ ಅಂಗಡಿಯಲ್ಲೇ ಊಟದ ತಟ್ಟೆ ಪಕ್ಕ ಫೋನಿಟ್ಟುಕೊಂಡು ಲೆಕ್ಕ ನೋಡುತ್ತಿದ್ದ. ಅಷ್ಟರಲ್ಲಿ ಯಾರೋ ಬರೆದರು: “ಸೂಪರ್ ಅಣ್ಣ. ಹಿಂದೆ ನೇತಾಡ್ತಿರೋ ಚೀಟಿ ನೀಟಾಗಿ ಓದಕ್ಕಾಗ್ತಿದೆ. ನರ್ಸಮ್ಮಂದು 4416 ತಾನೆ?”

ಗುಟ್ಟಣ್ಣ ತಟ್ಟೆ ಪಕ್ಕಕ್ಕೆ ತಳ್ಳಿದ. ವಿಡಿಯೋ ಅಳಿಸಿದ. ಅಷ್ಟರಲ್ಲಾಗಲೇ ಅದು ಯಾರ್‍ಯಾರ ಗುಂಪಿಗೆ ಹಾರಿತ್ತೋ. ಹನ್ನೊಂದು ಚೀಟಿ, ಹನ್ನೊಂದು ಮನೆ. ಒಬ್ಬರ ಖಾತೆ ಬರಿದಾದರೂ ಅಂಗಡಿಗೆ ಬೀಗ. ಇನ್ನು ಈ ಬೀದಿಯಲ್ಲಿ ಅವನ ಕೈಗೆ ಫೋನು ಕೊಡುವವರು ಯಾರು?

ಚೀಟಿ ನೋಡಿ ಮೊದಲ ನಂಬರಿಗೆ ಕರೆ ಮಾಡಿದ. ಬೆನ್ನ ಹಿಂದೆ ತಂತಿಯ ಮೇಲೆ ಫೋನೊಂದು ರಿಂಗಾಯಿತು. ಎರಡನೆಯದಕ್ಕೆ ಮಾಡಿದ. ಪಕ್ಕದ ಕವರು ನಡುಗತೊಡಗಿತು.

“ರಿಪೇರಿಗೆ ಕೊಟ್ಟ ಫೋನಿನ ನಂಬರನ್ನೇ ಬರೆಸ್ತಾರಲ್ಲೇ ಈ ಜನ!”

“ಬೇರೆ ನಂಬರ್ ಇದ್ದಿದ್ರೆ ಇಲ್ಲಿಗೆ ಯಾಕೆ ಬರ್ತಿದ್ರು?” ಎಂದ ಹೆಂಡತಿ ಹನ್ನೊಂದನ್ನೂ ಚೀಲಕ್ಕೆ ತುಂಬಿ ಅವನ ಹೆಗಲಿಗೇರಿಸಿದಳು. “ನಡೀರಿ. ಮನೆ ಮನೆಗೂ ಹೋಗಿ ಭಾಷಣ ಮಾಡೋ ಆಸೆ ಇತ್ತಲ್ಲ.”

ಹೋದ. ಪ್ರತಿ ಬಾಗಿಲಲ್ಲೂ ತಪ್ಪೊಪ್ಪಿಕೊಂಡ, ಫೋನಿನ ನಾಲ್ಕಂಕಿಯನ್ನೂ ಬ್ಯಾಂಕಿನದನ್ನೂ ಬೇರೆ ಬೇರೆ ಮಾಡಿಸಿದ. ಬೈಸಿಕೊಳ್ಳಲು ಸಿದ್ಧನಾಗಿದ್ದವನಿಗೆ ಬೈಗುಳವೇ ಸಿಗಲಿಲ್ಲ. ಬಡಗಿ, “ಅಣ್ಣ, ನಂಗೆ ಬೇರೆ ನೆನಪಿರಲ್ಲ, ನೀವೇ ಒಂದು ಹೇಳಿಬಿಡಿ,” ಎಂದ. ಡ್ರೈವರು ಹಳೆಯ ಅಂಕಿಗಳನ್ನೇ ಹಿಂದುಮುಂದು ಮಾಡಿ ಜಾಣನಂತೆ ಕಣ್ಣು ಮಿಟುಕಿಸಿದ. ಮತ್ತೆ ಮಾಡಿಸುವಷ್ಟರಲ್ಲಿ ಗುಟ್ಟಣ್ಣ ಹಣೆ ಹಣೆ ಚಚ್ಚಿಕೊಂಡ.

ಕೊನೆಗೆ ಉಳಿದದ್ದು ನರ್ಸಮ್ಮನ ಮನೆ. ಆಕೆಯದು ಇನ್ನೂ ಸ್ಪೀಕರ್ ಕೆಲಸ ಬಾಕಿಯಿದ್ದ ಫೋನು. ಎಲ್ಲ ಕೇಳಿಸಿಕೊಂಡು ಆಕೆ ಮೆಟ್ಟಿಲ ಮೇಲೆ ಕುಳಿತಳು.

“ಡ್ಯೂಟಿಯಲ್ಲಿ ಇಂಜೆಕ್ಷನ್ ಬದಲಾಗಿ ಹೋದ್ರೆ ಕೆಲವರು ಮುಚ್ಚಿಡ್ತಾರಪ್ಪ. ನೀನು ಬಂದು ಹೇಳಿದ್ಯಲ್ಲ, ಸಾಕು. ಕೊಡು.”

“ನೀವೇ ಹಾಕಿ ಅಮ್ಮ, ನಾನು ನೋಡಲ್ಲ,” ಎಂದು ಗುಟ್ಟಣ್ಣ ಬೀದಿಯ ಕಡೆ ತಿರುಗಿ ನಿಂತ.

“ಎಂಟು…” ಎಂದು ಬೆನ್ನ ಹಿಂದೆ ದನಿ ಕೇಳಿತು. ರೋಗಿಯ ಕಿವಿಗೂ ಮುಟ್ಟುವಂತೆ ಮಾತಾಡಿ ರೂಢಿಯಾದ ದನಿ. “ಸೊನ್ನೆ… ಮೂರು…”

“ಮನಸ್ಸಲ್ಲಿ ಹೇಳ್ಕೊಳ್ಳಿ ಅಮ್ಮಾ!”

“…ಏಳು. ಆಯ್ತು. ತಗೊಂಡ್ಹೋಗು, ಸ್ಪೀಕರ್ ಸರಿ ಮಾಡು. ಚೀಟಿ ಮೇಲೆ ಬರ್ಕೋ, ಮರೆತೀಯಾ.”

ಗುಟ್ಟಣ್ಣ ಫೋನನ್ನು ಅಲ್ಲೇ ಮೆಟ್ಟಿಲ ಮೇಲಿಟ್ಟು, ಅಂಗಿ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಆಕೆಯ ಕಣ್ಣೆದುರೇ ಬಿಚ್ಚಲು ಕುಳಿತ.