ಸಿಸ್ಟರ್ ಅಟ್ರಾಕ್ಟಾ ಕೇಳುವ ನವೆಂಬರಿನ ಪ್ರಶ್ನೆ

ರೋಸ್ಕಾಮನ್ ಎಂಬ ಐರಿಷ್ ಊರಿನ ಕಾನ್ವೆಂಟ್ ಹೈಸ್ಕೂಲಿನಲ್ಲಿ ರಿಪೇರಿ ಕೆಲಸಕ್ಕೆ ಸೇರಿದ ಮೊದಲ ದಿನ, ಮಂಡಿಯೂರಿ ಬೆಂಚಿನಡಿಯ ಚ್ಯೂಯಿಂಗ್ ಗಮ್ ಕೆರೆಯುತ್ತಿದ್ದ ವೃದ್ಧೆಯೊಬ್ಬರನ್ನು ಕಸ ಗುಡಿಸುವವರೆಂದುಕೊಂಡೆ. ದೊಡ್ಡ ಸಾಹೇಬನ ಗತ್ತಿನಲ್ಲಿ, "ಇದಾದ್ಮೇಲೆ ಟಾಯ್ಲೆಟ್ ತೊಳೀರಿ" ಎಂದೆ. ಅವರು ತೊಳೆದೂ ಬಂದರು. "ಆಯ್ತಪ್ಪ ಯಜಮಾನ, ಇನ್ನೇನಿದೆ?" ಎಂದರು. ಅವರು ಹಿಂದಿನ ಹೆಡ್‌ಮಿಸ್ ಸಿಸ್ಟರ್ ಅಟ್ರಾಕ್ಟಾ, ಅಲ್ಲಿ ಉಳಿದಿರುವ ಕೊನೆಯ ಸನ್ಯಾಸಿನಿ ಎಂದು ನನಗೆ ತಿಳಿದದ್ದು ಆಮೇಲೆ.

ಪ್ರತಿ ನವೆಂಬರಿನಲ್ಲೂ ಅವರು ಕೊನೆಯ ವರ್ಷದ ಹುಡುಗಿಯರನ್ನು ಕೂರಿಸಿ, ಕನ್ಯಾಮಠ ಸೇರುವವರು ಯಾರಾದರೂ ಇದ್ದೀರಾ ಎಂದು ಕೇಳುವುದು ವಾಡಿಕೆ. ಮೂವತ್ತೊಂದು ವರ್ಷಗಳಿಂದ ಒಂದು ಕೈಯೂ ಎದ್ದಿರಲಿಲ್ಲ. ಯಾರೂ ಬರದಿದ್ದರೆ ತಮ್ಮ ನಂತರ ಮಠಕ್ಕೆ ಬೀಗವೇ ಎಂಬುದು ಅವರಿಗೆ ಗೊತ್ತಿತ್ತು.

ಈ ಸಲ ನಾನು ಅದೇ ಕೋಣೆಯಲ್ಲಿ ಹೀಟರ್ ಬಿಚ್ಚಿಕೊಂಡು ಕೂತಿದ್ದಾಗ, ಕ್ಲೀನಾ ಎಂಬ ಹುಡುಗಿ ಕೈ ಎತ್ತಿದಳು. ಹಿಂದಿನ ಬೆಂಚು ಕಿಸಕ್ಕೆಂದಿತು. "ಮೊನ್ನೆ ತಾನೇ ಕೂದಲಿಗೆ ಬಣ್ಣ ಹಾಕ್ಸಿದ್ದು ದಂಡ ಆಯ್ತಲ್ಲೇ!"

ಸಿಸ್ಟರ್ ಕುರ್ಚಿ ಎಳೆದುಕೊಂಡು ಅವಳೆದುರು ಕೂತರು.

"ಸೇರ್ಬೇಕು ಅಂತ ನಿಜವಾಗ್ಲೂ ಅನ್ಸತ್ತೆ ಸಿಸ್ಟರ್," ಎಂದಳು ಕ್ಲೀನಾ. "ಆದ್ರೆ ಒಂದು ಕೇಳ್ಲಾ? ಈಗ ನಿಮಗೆ ಹದಿನೇಳು ವರ್ಷ ಆಗಿದ್ರೆ, ನೀವು ಸೇರ್ತಿದ್ರಾ?"

ಒಂದು ಸುಳ್ಳು ಸಾಕಿತ್ತು. ನಾನಾಗಿದ್ದರೆ ಎರಡು ಹೇಳುತ್ತಿದ್ದೆ.

"ಇಲ್ಲಮ್ಮ," ಎಂದರು ಸಿಸ್ಟರ್. "ನಾನು ಬಂದಿದ್ದು ಓದೋಕೆ. ಆಗ ಬಡವರ ಮನೆ ಹುಡುಗೀನ ಓದಿಸ್ತಿದ್ದೋರು ಈ ಮಠದೋರೊಬ್ರೇ."