ಕಂಪ್ಯೂಟರ್ ಮೂಕವಾದ ಸೋಮವಾರ

ಕಳೆದ ವರ್ಷ ಶ್ರಾವಣದ ಮೊದಲ ಸೋಮವಾರ ನಡೆದದ್ದು ಇದು. ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಮೊಮ್ಮಗಳು ಭಾಗ್ಯಳಿಗೆ ಮನೆಯಿಂದಲೇ ಬರೆಯುವ ಒಂದು ಪರೀಕ್ಷೆ ಇತ್ತು. ಹಿಂದಿನ ದಿನವೇ ನಾನು ಅವಳ ಕಂಪ್ಯೂಟರ್ ಕೆಡಿಸಿಟ್ಟಿದ್ದೆ.

ನಾವಿರುವುದು ಮಾನ್ವಿಯಲ್ಲಿ. ಮಗ, ಸೊಸೆ ಇಬ್ಬರಿಗೂ ದೇವದುರ್ಗದ ಕಡೆ ಮಾಸ್ತರಿಕೆ. ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಮನೆಯಲ್ಲಿ ನಾನು ಮತ್ತು ಭಾಗ್ಯ. ಭಾಗ್ಯಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಇರುವುದನ್ನೆಲ್ಲ ಒಂದು ದನಿ ಅವಳಿಗೆ ಓದಿ ಹೇಳುತ್ತದೆ, ಅವಳು ಕೇಳಿ ಟೈಪ್ ಮಾಡುತ್ತಾಳೆ. ಪರದೆಯನ್ನು ಮಾತ್ರ ಯಾವಾಗಲೂ ಆರಿಸಿಯೇ ಇಡುತ್ತಾಳೆ. "ನನಗ ಬೇಕಿಲ್ಲದ ಬೆಳಕಿಗೆ ಕರೆಂಟ್ ಯಾಕ ಸುಡಬೇಕು?" ಎನ್ನುತ್ತಾಳೆ.

ರಾಯಚೂರಿನ ಒಂದು ಸಂಸ್ಥೆಯಲ್ಲಿ ಧ್ವನಿ ಕೇಳಿ ಕನ್ನಡದಲ್ಲಿ ಟೈಪ್ ಮಾಡುವ ಕೆಲಸ ಖಾಲಿ ಇತ್ತು. ಅದಕ್ಕೇ ಆ ಪರೀಕ್ಷೆ. ಎರಡು ವರ್ಷದಲ್ಲಿ ಭಾಗ್ಯಳನ್ನು ಬರಹೇಳಿದ ಮೊದಲ ಕೆಲಸ ಅದು.

ನನಗೋ ಆ ಓದುವ ದನಿಯ ಮೇಲೆ ಮೊದಲಿನಿಂದ ಸಿಟ್ಟು. ನೆಗಡಿಯಾದ ಹೋತದ ಹಾಗೆ ಕನ್ನಡ ಓದುತ್ತಿತ್ತು. ಭಾಗ್ಯಳ ಗೆಳತಿ ಶಬಾನಾ, ಅವಳಿಗೂ ಕಣ್ಣಿಲ್ಲ, ರಾಯಚೂರಿನಲ್ಲಿ ಕೆಲಸದಲ್ಲಿದ್ದಾಳೆ. ಒಮ್ಮೆ ಫೋನಿನಲ್ಲಿ, "ಹೊಸ ದನಿ ಬಂದದ, ಮನುಷ್ಯರಂಗ ಓದ್ತದ. ಆದ್ರ ಅದು ಇನ್ನೂ ಪಕ್ಕಾ ಆಗಿಲ್ಲ, ಅನ್‌ಸ್ಟೇಬಲ್‌ನಾಗ ಅದ" ಎಂದಳು. ಭಾಗ್ಯ, "ಪರೀಕ್ಷಿ ಮುಗಿಯೋ ತನಕ ನಾ ಸ್ಟೇಬಲ್ ಬಿಟ್ಟು ಅಲ್ಲಾಡಂಗಿಲ್ಲ" ಎಂದು ಫೋನ್ ಇಟ್ಟಳು.

ಆಗ ತಾನೇ ನಾನು ಭಾಗ್ಯಳಿಂದ ಫೋನಿನಲ್ಲಿ ಟೈಪ್ ಮಾಡಲು ಕಲಿತಿದ್ದೆ. ತವರೂರಿನ ಶಾಲೆಯಲ್ಲಿ ನಾಲ್ಕನೇ ಇಯತ್ತೆ ತನಕ ಓದಿದವಳು ನಾನು, ಇಂಗ್ಲಿಷ್ ಅಕ್ಷರದ ಹೆಸರು ಬರುವುದಿಲ್ಲ. ಯಾವ ಅಕ್ಷರ ಯಾವ ಸಾಲಿನಲ್ಲಿ ಎಷ್ಟನೆಯದು ಎಂದು ಲೆಕ್ಕ ಇಟ್ಟುಕೊಂಡು ಒತ್ತುತ್ತಿದ್ದೆ. ಹೊಸದಾಗಿ ಕಲಿತ ಕೈ ಸುಮ್ಮನಿರುತ್ತದೆಯೇ? ಭಾನುವಾರ ಭಾಗ್ಯ ಅಪ್ಪ, ಅವ್ವನ ಜೊತೆ ಹೆಡ್‌ಫೋನ್ ತರಲು ರಾಯಚೂರಿಗೆ ಹೋದಾಗ ಶಬಾನಾಗೆ ಫೋನ್ ಹಚ್ಚಿದೆ.

"ಭಾಗ್ಯ ಹೂಂ ಅಂದಾಳವ್ವ, ಹೆಂಗ ಮಾಡಬೇಕು ಬರದು ಕಳಸು" ಎಂದು ಸುಳ್ಳು ಹೇಳಿದೆ.

ಪಾಪ, ನಂಬಿ ಕಳಿಸಿದಳು. ಪರದೆ ಹಚ್ಚಿ, ಫೋನನ್ನು ಪಕ್ಕಕ್ಕಿಟ್ಟುಕೊಂಡು, ಒಂದೊಂದೇ ಅಕ್ಷರ ನೋಡಿ ಒತ್ತಿದೆ. ಸ್ಟೇಬಲ್ ಎಂದು ಇದ್ದಲ್ಲಿ ಅದರ ಮೊದಲಿಗೆ ಎರಡು ಅಕ್ಷರ ಸೇರಿಸಿದೆ, ಅಷ್ಟೇ. ಪಾಸ್‌ವರ್ಡ್ ಭಾಗ್ಯಳೇ ಹಿಂದೊಮ್ಮೆ ಹೇಳಿದ್ದಳು. ಕಂಪ್ಯೂಟರ್ ಏನೇ ಕೇಳಲಿ, ಶಬಾನಾ ಬರೆದಂತೆ ಹೂಂ ಎನ್ನುವ ಅಕ್ಷರ, ವೈ ಅಂತೆ, ಅದನ್ನೇ ಒತ್ತಿದೆ. ಎಲ್ಲ ಮುಗಿದ ಮೇಲೆ ಹೊಸ ದನಿ ಕೇಳೋಣವೆಂದು ಆರಿಸಿ ಹಚ್ಚಿದೆ. ಹೊಸದು ಬರಲಿಲ್ಲ. ಹಳೆಯದೂ ಬರಲಿಲ್ಲ.

ಬೆಳಿಗ್ಗೆ ತಾನೇ ಸರಿಹೋದೀತು ಎಂದುಕೊಂಡು ಪರದೆ ಆರಿಸಿ, ಅಡುಗೆ ಮನೆಗೆ ಹೋಗಿ ಕುಳಿತೆ. ಅವರು ಬಂದಾಗ ರಾತ್ರಿಯಾಗಿತ್ತು, ಕಂಪ್ಯೂಟರನ್ನು ಯಾರೂ ಮುಟ್ಟಲಿಲ್ಲ.

ಸೋಮವಾರ ಒಂಬತ್ತಕ್ಕೆ ಭಾಗ್ಯ ಕಂಪ್ಯೂಟರ್ ಹಚ್ಚಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಕಾದಳು. ಮತ್ತೆ ಆರಿಸಿ ಹಚ್ಚಿದಳು. ಹೆಡ್‌ಫೋನ್ ಕಿತ್ತು ಸಿಕ್ಕಿಸಿದಳು. ಆಮೇಲೆ ಮೇಜಿನ ಕೆಳಗೆ ಕುಳಿತು ಒಂದೊಂದೇ ವೈರನ್ನು ಬೆರಳಿನಿಂದ ಸವರುತ್ತಾ ಹೋದಳು.

"ಆಯಿ, ಸ್ಪೀಕರಿನ ದೀಪ ಹತ್ಯಾದೇನು ನೋಡು."

"ಹತ್ಯಾದ."

"ಮತ್ತ ಯಾಕ ಮಾತಾಡವಲ್ದು? ನಿನ್ನಿ ಹೋಗೋ ಮುಂದ ನಾನಾ ಕಾಲಾಗ ವೈರ್ ಎಳದೀನೇನೋ."

ಅವಳು ಸವರಿದ ವೈರನ್ನೇ ಮತ್ತೆ ಸವರಿದಳು. ಗಡಿಯಾರದಲ್ಲಿ ಒಂಬತ್ತೂವರೆ ಆಯಿತು. "ನಂದಾ ತಪ್ಪು" ಎಂದು ಅವಳು ಮತ್ತೊಮ್ಮೆ ಅಂದಾಗ ನನಗೆ ತಡೆಯಲಾಗಲಿಲ್ಲ.

"ವೈರ್ ಬಿಡು. ನಿನ್ನಿ ನಾನಾ ಮಾಡೀನಿ. ಆ ಸ್ಟೇಬಲ್‌ನ ಅನ್‌ಸ್ಟೇಬಲ್ ಮಾಡೀನಿ."

ಭಾಗ್ಯಳ ಕೈ ವೈರಿನ ಮೇಲೇ ನಿಂತಿತು. "ಇಡೀ ಮಷೀನು? ಎಷ್ಟು ಪ್ಯಾಕೇಜ್ ಬಂದ್ವು?"

"ಎರಡು ತಾಸು ಬಂದ್ವು."

"ಯಪ್ಪಾ..." ಎಂದು ಹಣೆ ಹಿಡಿದುಕೊಂಡಳು. "ಪ್ಯಾಕೇಜ್ ಅಂದ್ರ ಒಂದೊಂದು ಕೆಲಸದ ಸಾಮಾನಿನ ಗಂಟು ಬೇ. ಸ್ಟೇಬಲ್‌ನಾಗ ಇದ್ದದ್ದು ತಿಂಗಳಗಟ್ಟಲೆ ತಿಕ್ಕಿ, ಬಳಸಿ ನೋಡಿ ಪಾಸ್ ಮಾಡಿದ್ದು. ಅನ್‌ಸ್ಟೇಬಲ್‌ನಾಗ ಇದ್ದದ್ದು ಹೊಸಾದು ಖರೆ, ಆದ್ರ ಇನ್ನೂ ಮಾಡಾಕತ್ತಿದ್ದು. ಹಸಿ ಮಣ್ಣಿನ ಒಲಿ ಮ್ಯಾಲ ಬೀಗರಿಗೆ ಅಡಗಿ ಇಡ್ತಿಯೇನು ನೀನು?"

ನಾನು ಜೀವನದಲ್ಲಿ ಎಂದೂ ಇಟ್ಟವಳಲ್ಲ.

ಶಬಾನಾಗೆ ಫೋನ್ ಮಾಡಿದರೆ ಡ್ಯೂಟಿಯಲ್ಲಿದ್ದಳು, ಸ್ವಿಚ್ ಆಫ್. ಭಾಗ್ಯ ತನ್ನ ಫೋನಿನ ಕ್ಯಾಮೆರಾ ಹಿಡಿದು ಪರದೆ ಓದಿಸಲು ನೋಡಿದಳು. ಕಪ್ಪು ಪರದೆಯ ಮೇಲಿನ ಸಣ್ಣ ಅಕ್ಷರ ಅದಕ್ಕೆ ತಿಳಿಯಲಿಲ್ಲ. ಉಳಿದದ್ದು ನನ್ನ ಕಣ್ಣು ಮಾತ್ರ.

"ನನಗ ಇಂಗ್ಲಿಷ್ ಬರಂಗಿಲ್ಲಲ್ಲವ್ವ."

"ಓದಬ್ಯಾಡ. ಅಕ್ಷರ ನಿನ್ನ ಫೋನಿನಾಗ ಎಲ್ಲಿ ಅದ ಹುಡುಕಿ, ಎಷ್ಟನೇ ಸಾಲು, ಎಷ್ಟನೇದು ಅಂತ ಅಷ್ಟಾ ಹೇಳು. ನನ್ನ ಕೀಬೋರ್ಡಿನಾಗೂ ಅದಾ ಜಾಗದಾಗ ಇರ್ತದ."

ಹೀಗೆ ಶುರುವಾಯಿತು. ಅವಳು ನೆನಪಿನಿಂದ ಆಜ್ಞೆ ಹೊಡೆಯುವುದು, ಪರದೆಯ ಮೇಲೆ ಬಂದದ್ದನ್ನು ನಾನು ಹೇಳುವುದು. ನಾನು ಸೇರಿಸಿದ್ದ ಎರಡು ಅಕ್ಷರ ಮೊದಲು ಹೋದವು. ಇಡೀ ಮಷೀನನ್ನು ಹಿಂದಕ್ಕೆ ತರಲು ಹೊತ್ತಿರಲಿಲ್ಲ. ಮಾತಿಗೆ ಬೇಕಾದ ಮೂರು ಪ್ಯಾಕೇಜನ್ನಷ್ಟೇ ಹಳೆಯದಕ್ಕೆ ಇಳಿಸುತ್ತೇನೆ ಎಂದಳು.

"ಏನ್ ಬಂತು?"

"ಮ್ಯಾಲಿನ ಸಾಲು ಮೂರನೇದು, ದೊಡ್ಡದು, ನಿನ್ನ ಕೀಬೋರ್ಡಿನಾಗ ನೋಡಿ ಹೇಳಾಕತ್ತೀನಿ. ಅದರ ಮುಂದ ಎರಡು ಚುಕ್ಕಿ. ಆಮ್ಯಾಲ ಮ್ಯಾಲಿನ ಸಾಲು ಏಳನೇದು, ಕೆಳಗಿನ ಸಾಲು ಆರನೇದು..."

"ಸಾಕು. ತಪ್ಪಾಗ್ಯಾದ. ಕಡೀ ಶಬ್ದ ಹೇಳು."

ಕೊನೆಯ ಶಬ್ದ ಉದ್ದ ಇತ್ತು. ಹೇಳುತ್ತಾ ಹೋದೆ, ಅವಳ ಬೆರಳು ನನ್ನ ಮಾತಿನ ಹಿಂದೆಯೇ ಕೀ ಮುಟ್ಟುತ್ತಾ ಬಂದವು. ನಡುವೆ ಒಂದು ಕಡೆ ನಿಂತಳು. ಆಜ್ಞೆ ಹೊಡೆಯುವಾಗ ಗಾಬರಿಯಲ್ಲಿ ಒಂದು ಅಕ್ಷರ ಬಿಟ್ಟಿದ್ದಳು. ಮತ್ತೆ ಹೊಡೆದಳು. ಹತ್ತೂ ನಲವತ್ತು.

"ಈಗ ಭಾಳ ಹುಷಾರು, ಆಯಿ. ದೊಡ್ಡ ಅಕ್ಷರದಾಗ ಒಂದು ಶಬ್ದ ಬರ್ತದ. ಅದರ ಮೊದಲನೇ ಅಕ್ಷರ ನಡುವಿನ ಸಾಲಿನ ಮೂರನೇದಿದ್ರ, ಹಳೇದು ತರ್ತೀನಿ ಅಂತ. ಮ್ಯಾಲಿನ ಸಾಲಿನ ನಾಕನೇದಿದ್ರ, ಇದ್ದದ್ದನ್ನೂ ಕಿತ್ತು ಒಗೀತೀನಿ ಅಂತ. ಅಂಥಾದ್ದು ಇದ್ದು ನಾ ವೈ ಒತ್ತಿದ್ರ ಮುಗೀತು."

ಪರದೆ ತುಂಬ ಅಕ್ಷರ ಬಂದವು. ದೊಡ್ಡ ಅಕ್ಷರದ ಶಬ್ದ ಒಂದೇ ಇತ್ತು. ಮೊದಲನೆಯದಕ್ಕೆ ಬೆನ್ನು ನೆಟ್ಟಗೆ, ಹೊಟ್ಟೆ ಮುಂದೆ. ನನ್ನ ಫೋನಿನಲ್ಲಿ ಇರುವುದು ಸಣ್ಣ ಅಕ್ಷರ, ಅದರಲ್ಲಿ ಈ ಆಕಾರವೇ ಇಲ್ಲ. ಕನ್ನಡಕ ಒರೆಸಿಕೊಂಡು ಭಾಗ್ಯಳ ಕೈ ಸರಿಸಿ ಕೀಬೋರ್ಡನ್ನೇ ನೋಡಿದೆ. ಮೇಲಿನ ಸಾಲಿನ ನಾಲ್ಕನೆಯದಕ್ಕೂ ಬೆನ್ನು, ಹೊಟ್ಟೆ ಎರಡೂ ಇದ್ದವು. ಇನ್ನೊಮ್ಮೆ ನೋಡಿದೆ. ಅದಕ್ಕೆ ಒಂದು ಕಾಲು ಹೊರಗೆ ಚಾಚಿತ್ತು. ಪರದೆಯ ಮೇಲಿನದಕ್ಕೆ ಕಾಲಿರಲಿಲ್ಲ.

"ನಡುವಿನ ಸಾಲು, ಮೂರನೇದು."

"ಖರೇನಾ?"

"ನಿನ್ನಾಣಿ ಖರೆ."

ಭಾಗ್ಯ ವೈ ಒತ್ತಿದಳು. ಅಕ್ಷರ ಓಡಿ ನಿಂತವು. ಕಂಪ್ಯೂಟರ್ ಆರಿಸಿ ಹಚ್ಚಿದಳು. ಹತ್ತೂ ಐವತ್ತೆರಡು. ಆಮೇಲೆ ಆ ನೆಗಡಿಯ ಹೋತ ಒಮ್ಮೆ ಕೆಮ್ಮಿದಂತೆ ಸದ್ದು ಮಾಡಿ ಓದತೊಡಗಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಒಳಗೆ ಕೀಲಿಗಳ ಸಪ್ಪಳ ಒಂದು ತಾಸು ನಿಲ್ಲಲಿಲ್ಲ.

ಭಾಗ್ಯ ಪಾಸಾದಳು. ಈಗ ರಾಯಚೂರಿಗೆ ಕೆಲಸಕ್ಕೆ ಹೋಗುತ್ತಾಳೆ. ಆದರೆ ನನಗೆ ಮರೆಯಲಾಗದ್ದು ಅವತ್ತು ಮಧ್ಯಾಹ್ನ ಅವಳು ಆಡಿದ ಮಾತು.

ಬಡಿಸುತ್ತಾ, "ಬೈಯೋದಾದ್ರ ಬೈದು ಬಿಡವ್ವ" ಎಂದೆ.

"ಏನೋ ಮಾಡೀದಿ ಅಂತ ನಿನ್ನಿನಾ ಅನ್ನಿಸಿತ್ತು" ಎಂದಳು. "ರಾಯಚೂರಿನಾಗ ಏನ್ ತಿಂದ್ರಿ, ಯಾರ್ ಸಿಕ್ಕಿದ್ರು ಅಂತ ತಲಿ ತಿನ್ನೋ ಮುದುಕಿ ಒಂದು ಮಾತೂ ಕೇಳ್ಲಿಲ್ಲ. ಬೆಳಿಗ್ಗಿ ಬಾಗಿಲದಾಗ ನಿಂತು ಉಸಿರು ಬಿಡಾಕತ್ತಿದ್ದಿ."

"ಮತ್ತ ಯಾಕ ಕೇಳ್ಲಿಲ್ಲ?"

"ನೀನಾ ಹೇಳ್ಲಿ ಅಂತ ಕಾದೆ."

"ಹೇಳದಾ ಹೋಗಿದ್ರ? ಪರೀಕ್ಷಿ?"

ಅವಳು ರೊಟ್ಟಿ ಮುರಿದುಕೊಂಡು, ಪಲ್ಯ ಹಾಕೆಂದು ತಾಟನ್ನು ನನ್ನತ್ತ ಸರಿಸಿದಳು.

ಕಂಪ್ಯೂಟರ್ ಕೆಡಿಸಿದ್ದು ನೆನೆದರೆ ಈಗ ನಗು ಬರುತ್ತದೆ, ನಾನೇ ಎಲ್ಲರಿಗೂ ಹೇಳಿ ನಗಿಸುತ್ತೇನೆ. ಆದರೆ ಮೇಜಿನ ಕೆಳಗೆ ಕುಳಿತು, ಸರಿಯಾಗಿದ್ದ ವೈರನ್ನೇ ಅವಳು ಮತ್ತೆ ಮತ್ತೆ ಸವರುತ್ತಿದ್ದದ್ದು ನಾನೇ ಒಪ್ಪಿಕೊಳ್ಳಲಿ ಎಂದು, ನನಗೋಸ್ಕರ, ಎಂಬಲ್ಲಿಗೆ ಬಂದಾಗ ಎದ್ದು ಒಳಗೆ ಹೋಗುತ್ತೇನೆ. ಆ ಭಾಗವನ್ನು ಯಾರಿಗೂ ಬಾಯಿಬಿಟ್ಟು ಹೇಳಲು ಆಗಿಲ್ಲ. ಅದಕ್ಕೇ ಇಲ್ಲಿ ಟೈಪ್ ಮಾಡಿದೆ.